‘ಕೆದಾರ್’ ಕ್ರಿಯಾಪದ ಕೈಗೆ ಹತ್ತುವುದು ಹೇಗೆ: ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಸ್ಪ್ಯಾನಿಷ್ ಕಲಿಯಲು ಶುರುಮಾಡಿ ನಾಲ್ಕೈದು ತಿಂಗಳಾದವರು ಮತ್ತೆ ಮತ್ತೆ ಎಡವುವ ಪದ ‘ಕೆದಾರ್’. ನಿಘಂಟು ತೆರೆದರೆ ಉಳಿ, ತಂಗು, ಇರು, ಒಪ್ಪು, ಭೇಟಿ ಗೊತ್ತುಮಾಡು, ಇಟ್ಟುಕೋ, ಆಗು ಎಂದು ಅರ್ಥಗಳ ಸಾಲೇ ಇದೆ. ಆ ಸಾಲನ್ನು ಬಾಯಿಪಾಠ ಮಾಡಿದವರಿಗೂ ಮಾತಿನ ನಡುವೆ ಯಾವುದನ್ನು ಎತ್ತಿಕೊಳ್ಳಬೇಕೆಂದು ತೋಚುವುದಿಲ್ಲ. ಇದು ನೆನಪಿನ ತೊಂದರೆಯಲ್ಲ, ಕಲಿತ ಕ್ರಮದ ತೊಂದರೆ. ಈ ಕ್ರಿಯಾಪದದ ಅರ್ಥವನ್ನು ಗೊತ್ತುಮಾಡುವುದು ಅದರ ಅಕ್ಕಪಕ್ಕದ ಪುಟ್ಟ ಪದಗಳು: ಮುಂದೆ ‘ಮೆ, ತೆ, ಲೆ, ಸೆ’ ಇದೆಯೇ, ಬೆನ್ನಿಗೆ ‘ಕೊನ್, ಎನ್, ಸಿನ್, ಪೊರ್’ ಇದೆಯೇ ಎಂಬುದು. ಅವನ್ನು ನೋಡುವ ಕಣ್ಣು ಬಂದರೆ ಪಟ್ಟಿ ಬೇಕಾಗುವುದಿಲ್ಲ.

ಇನ್ನೊಂದು ಮಾತು. ಈ ಪದವನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ. ಇಂಗ್ಲಿಷಿನಲ್ಲಿ ಇದಕ್ಕೆ ಏಳೆಂಟು ಬೇರೆ ಬೇರೆ ಕ್ರಿಯಾಪದ ಬೇಕು. ಕನ್ನಡದಲ್ಲಿ ‘ಉಳಿ, ಉಳಿದುಕೋ, ಉಳಿಸಿಕೋ’ ಎಂಬ ಒಂದೇ ಬಳಗ ಅರ್ಧ ದಾರಿ ಕರೆದೊಯ್ಯುತ್ತದೆ.

ಬೇಕಾದ ಸಾಮಾನು

ಒಂದು ನೋಟ್‌ಬುಕ್, 40 ಖಾಲಿ ಚೀಟಿ ಅಥವಾ ಫೋನಿನಲ್ಲಿ ಫ್ಲ್ಯಾಶ್‌ಕಾರ್ಡ್ ಆಪ್, ಮತ್ತು ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು. ಈ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದೇ ಅಕಾಡೆಮಿಯ ‘ಕೋರ್ಪೆಸ್’ ಎಂಬ ವಾಕ್ಯಭಂಡಾರದಲ್ಲಿ 2001ರಿಂದ ಈಚೆಗೆ ಸ್ಪ್ಯಾನಿಷ್ ದೇಶಗಳಲ್ಲಿ ಬರೆದ, ಆಡಿದ ವಾಕ್ಯಗಳನ್ನು ಹುಡುಕಬಹುದು. ಮೊದಲ ವಾರ ಅದರ ಅಗತ್ಯ ಬೀಳುವುದಿಲ್ಲ. ಯಂತ್ರಾನುವಾದವನ್ನು ಮಾತ್ರ ಈ ಪದದ ಮಟ್ಟಿಗೆ ಪಕ್ಕಕ್ಕಿಡಿ. ಅದು ಕನ್ನಡ ವಾಕ್ಯವನ್ನು ಇಂಗ್ಲಿಷಿನ ದಾರಿಯಲ್ಲಿ ಎಳೆದೊಯ್ದು ‘ಸೆ’ಯನ್ನು ಎಲ್ಲೋ ಬೀಳಿಸಿಬಿಡುವುದುಂಟು.

ಹಂತ 1: ಮೊದಲು ಕಿವಿ, ನಾಲಗೆ

ಬರೆಯುವಾಗ ಅಕ್ಷರಗಳು ಕ್ಯೂ, ಯು, ಇ, ಡಿ, ಎ, ಆರ್. ಇದರಲ್ಲಿ ‘ಯು’ಗೆ ಉಚ್ಚಾರವೇ ಇಲ್ಲ. ‘ಕ್ವೆಡಾರ್’ ಎಂದರೆ ಎರಡು ತಪ್ಪು ಒಟ್ಟಿಗೆ ಆಯಿತು. ‘ಕ್ವೆ’ ಅಲ್ಲ, ‘ಕೆ’. ‘ಡ’ ಅಲ್ಲ, ‘ದಾರಿ’ಯಲ್ಲಿ ಹಲ್ಲಿಗೆ ನಾಲಗೆ ತಾಗುವ ‘ದ’. ಎರಡು ಸ್ವರಗಳ ನಡುವೆ ಬಂದಾಗ ಈ ‘ದ’ ಇನ್ನೂ ಮೆತ್ತಗಾಗಿ, ನಾಲಗೆ ಹಲ್ಲಿಗೆ ತಾಗಿಯೂ ತಾಗದಂತಿರುತ್ತದೆ.

ಒತ್ತು ಎಲ್ಲಿ ಬೀಳುತ್ತದೆ ಎನ್ನುವುದೇ ಇಲ್ಲಿ ಅರ್ಥವನ್ನು ಬದಲಿಸುತ್ತದೆ. ನಮ್ಮ ಲಿಪಿಯಲ್ಲಿ ‘ಎ, ಏ’, ‘ಒ, ಓ’ ಬೇರೆ ಬೇರೆ ಇರುವುದರಿಂದ ಅದನ್ನು ಬರೆದಿಟ್ಟುಕೊಳ್ಳುವುದು ಸುಲಭ. ಈ ಲೇಖನದುದ್ದಕ್ಕೂ ಒತ್ತು ಬೀಳುವ ಕಡೆ ದೀರ್ಘಾಕ್ಷರ ಹಾಕಿದೆ.

‘ಕೇದೊ’ ಎಂದರೆ ನಾನು ಈಗ ಉಳಿಯುತ್ತೇನೆ. ‘ಕೆದೋ’ ಎಂದರೆ ಅವನು ಅಥವಾ ಅದು ಆಗಲೇ ಉಳಿದಾಯಿತು. ಅಕ್ಷರ ಅವೇ, ಒತ್ತು ಮಾತ್ರ ಮುಂದಿನಿಂದ ಹಿಂದಕ್ಕೆ ಸರಿಯಿತು. ಉಳಿಯುವವನೂ ಬದಲಾದ, ಕಾಲವೂ ಬದಲಾಯಿತು. ಹಾಗೆಯೇ ‘ಕೆದೇ’ ಎಂದರೆ ನಾನು ಉಳಿದೆ. ‘ಕೇದೆ’ ಎಂದರೆ ‘ಉಳಿಯಲಿ’ ಎಂಬ ಭಾವ. ಸ್ಪ್ಯಾನಿಷ್ ಬರವಣಿಗೆಯಲ್ಲಿ ‘ಕೆದೇ’, ‘ಕೆದೋ’ಗಳ ಕೊನೆಯ ಸ್ವರದ ಮೇಲೆ ಒಂದು ಓರೆಗೀಟು ಬರುತ್ತದೆ. ಫೋನಿನಲ್ಲಿ ಟೈಪ್ ಮಾಡುವಾಗ ಅದನ್ನು ಬಿಟ್ಟರೆ ಬೇರೆಯೇ ಪದ ಬರೆದಂತೆ.

ಕೊನೆಯಲ್ಲಿ ಬರುವ ‘ಅ’ಕಾರವನ್ನು ನುಂಗಬೇಡಿ. ‘ಕೇದ’ ಎನ್ನುವಾಗ ‘ದ’ವನ್ನು ಬಾಯಿ ತೆರೆದೇ ಹೇಳಬೇಕು. ಜೋರಾಗಿ ಹತ್ತು ಸಲ ‘ಕೇದೊ, ಕೆದೋ’ ಎಂದು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ. ನಿಮಗೇ ವ್ಯತ್ಯಾಸ ಕೇಳಿಸದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ರೂಪಗಳು, ಆದರೆ ಎಲ್ಲವೂ ಬೇಡ

ರೂಪಗಳ ಮಟ್ಟಿಗೆ ‘ಕೆದಾರ್’ ಸಾಧು ಕ್ರಿಯಾಪದ. ಎಲ್ಲೂ ಮಧ್ಯದಲ್ಲಿ ಸ್ವರ ಬದಲಾಗುವುದಿಲ್ಲ.

ವರ್ತಮಾನ: ಕೇದೊ, ಕೇದಸ್, ಕೇದ, ಕೆದಾಮೊಸ್, ಕೆದಾಯಿಸ್, ಕೇದನ್.
ಭೂತ: ಕೆದೇ, ಕೆದಾಸ್ತೆ, ಕೆದೋ, ಕೆದಾಮೊಸ್, ಕೆದಾಸ್ತೆಯಿಸ್, ಕೆದಾರೊನ್.

ಎರಡು ಸಾಲಲ್ಲೂ ‘ಕೆದಾಮೊಸ್’ ಒಂದೇ. ವರ್ತಮಾನವೋ ಭೂತವೋ ಎನ್ನುವುದನ್ನು ವಾಕ್ಯದ ಉಳಿದ ಭಾಗವೇ ಹೇಳಬೇಕು. ಐದನೆಯ ರೂಪ ಸ್ಪೇನಿನಲ್ಲಿ ಸಲಿಗೆಯ ‘ನೀವುಗಳು’ ಎಂಬುದಕ್ಕೆ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಕಲಿಯುವವರು ಅದನ್ನು ಬಿಡಬಹುದು. ಮೊದಲ ವಾರ ನಾಲಗೆಯ ತುದಿಯಲ್ಲಿ ಇರಬೇಕಾದವು ಐದೇ: ಕೇದ, ಕೇದನ್, ಕೇದೊ, ಕೆದೇ, ಕೆದೋ.

ಹಂತ 3: ಮೂಲದ ಚಿತ್ರವನ್ನು ಹಿಡಿಯಿರಿ

ಯಾವುದೋ ನಡೆಯಿತು, ಅಥವಾ ನಡೆಯುತ್ತಾ ಇತ್ತು. ಅದು ಮುಗಿದ ಮೇಲೆ ಏನು ಉಳಿಯಿತು, ಎಲ್ಲಿ ನಿಂತಿತು, ಹೇಗಾಗಿ ನಿಂತಿತು? ‘ಕೆದಾರ್’ ಈ ಪ್ರಶ್ನೆಗೆ ಉತ್ತರ. ಊಟವಾದ ಮೇಲೆ ಅನ್ನ ಉಳಿಯಿತು. ಎಲ್ಲರೂ ಹೊರಟ ಮೇಲೆ ನಾನು ಉಳಿದೆ. ಚರ್ಚೆಯಾದ ಮೇಲೆ ಎಂಟು ಗಂಟೆಗೆ ಎಂದು ಮಾತು ನಿಂತಿತು. ಅಂಗಿ ತೊಟ್ಟ ಮೇಲೆ ಮೈಗೆ ಒಪ್ಪಿತು. ನಿಘಂಟಿನ ದೂರ ದೂರದ ಅರ್ಥಗಳೆಲ್ಲ ಈ ಒಂದು ಚಿತ್ರದ ಕೊಂಬೆಗಳು.

ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ: ‘ಎಲ್ಲ ಆದ ಮೇಲೆ?’ ಹೊಸ ವಾಕ್ಯ ಎದುರಾದಾಗ ಈ ಪ್ರಶ್ನೆ ಹಾಕಿ ನೋಡಿ.

ಹಂತ 4: ಮುಂದೆ ಏನೂ ಇಲ್ಲದ ಬರೀ ‘ಕೆದಾರ್’

ಮೊದಲ ಚೌಕಟ್ಟಿನಲ್ಲಿ ಮೂರು ಬಳಕೆ.

ಉಳಿದಿರುವುದು. ‘ಕೇದ ಅರ್ರೋಸ್’ ಎಂದರೆ ಅನ್ನ ಉಳಿದಿದೆ. ‘ಕೇದನ್ ದೊಸ್ ಪ್ಲಾತನೊಸ್’ ಎಂದರೆ ಎರಡು ಬಾಳೆಹಣ್ಣು ಉಳಿದಿದೆ. ಕನ್ನಡಿಗರು ಇಲ್ಲೇ ಜಾರುತ್ತಾರೆ. ನಮ್ಮ ಆಡುಮಾತಿನಲ್ಲಿ ‘ಎರಡು ಬಾಳೆಹಣ್ಣು ಉಳಿದಿದೆ’ ಎಂದು ಏಕವಚನದಲ್ಲೇ ಮುಗಿಸುತ್ತೇವೆ, ಅದರಲ್ಲಿ ತಪ್ಪೂ ಇಲ್ಲ. ಆ ಅಭ್ಯಾಸ ಸ್ಪ್ಯಾನಿಷಿಗೂ ಬಂದು ‘ಕೇದ ದೊಸ್ ಪ್ಲಾತನೊಸ್’ ಎಂದು ಬಿಡುತ್ತದೆ. ಸ್ಪ್ಯಾನಿಷಿನಲ್ಲಿ ವಸ್ತು ಎರಡಾದರೆ ಕ್ರಿಯಾಪದ ‘ಕೇದನ್’ ಆಗಲೇಬೇಕು. ಎಣಿಕೆಯ ಪದ ನಾಲಗೆಗೆ ಬಂದ ಕೂಡಲೇ ‘ನ್’ ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ.

ಸ್ಥಳ. ‘ದೋಂದೆ ಕೇದ ಲ ಫರ್ಮಾಸಿಯ?’ ಎಂದರೆ ಔಷಧಿ ಅಂಗಡಿ ಎಲ್ಲಿ ಬರುತ್ತೆ? ಕನ್ನಡದ ‘ಬರುತ್ತೆ’ ಇಲ್ಲಿ ಚೊಕ್ಕಟವಾಗಿ ಕೂಡುತ್ತದೆ. ನಾವು ‘ಬ್ಯಾಂಕ್ ಎಲ್ಲಿ ಬರುತ್ತೆ’ ಎನ್ನುತ್ತೇವೆ, ‘ನನ್ನ ಫೋನ್ ಎಲ್ಲಿ ಬರುತ್ತೆ’ ಎನ್ನುವುದಿಲ್ಲ. ಸ್ಪ್ಯಾನಿಷಿನ ನಿಯಮವೂ ಅದೇ: ಕಟ್ಟಡ, ಊರು, ಬೀದಿಯಂಥ ಅಲುಗದ ಜಾಗಗಳಿಗೆ ಮಾತ್ರ ‘ಕೇದ’. ಫೋನು, ಕೀಲಿಕೈ, ಮನುಷ್ಯರು ಎಲ್ಲಿದ್ದಾರೆ ಎಂದು ಕೇಳಲು ‘ಎಸ್ತಾರ್’ ಬೇಕು.

ಫಲಿತಾಂಶ. ‘ಕೆದೋ ಕ್ಲಾರೊ’ ಎಂದರೆ ಸ್ಪಷ್ಟವಾಯಿತು. ‘ಲ ಪುವೇರ್ತ ಕೆದೋ ಅಬಿಯೇರ್ತ’ ಎಂದರೆ ಬಾಗಿಲು ತೆರೆದೇ ಉಳಿಯಿತು. ಸ್ಪರ್ಧೆಯಲ್ಲಿ ಎರಡನೆಯವನಾಗಿ ಬಂದವನಿಗೆ ‘ಕೆದೋ ಸೆಗೂಂದೊ’. ಜೊತೆಗೆ ಬರುವ ವಿಶೇಷಣ ಕರ್ತೃವಿನ ಲಿಂಗ ವಚನಕ್ಕೆ ಹೊಂದಬೇಕು. ‘ಪುವೇರ್ತ’ ಸ್ತ್ರೀಲಿಂಗ, ಆದ್ದರಿಂದಲೇ ‘ಅಬಿಯೇರ್ತ’.

ಹಂತ 5: ‘ನನಗೆ’ ಸೇರಿದ ಚೌಕಟ್ಟು

‘ಮೆ, ತೆ, ಲೆ, ನೊಸ್, ಒಸ್, ಲೆಸ್’ ಎನ್ನುವುದನ್ನು ನನಗೆ, ನಿನಗೆ, ಅವನಿಗೆ ಅಥವಾ ಅವಳಿಗೆ ಅಥವಾ ತಮಗೆ, ನಮಗೆ, ನಿಮಗೆ, ಅವರಿಗೆ ಎಂದು ಓದಿ. ಇಂಗ್ಲಿಷಿನ ದಾರಿಯಲ್ಲಿ ಬಂದವರಿಗೆ ಇದು ತಿರುವುಮುರುವಾಗಿ ಕಾಣುತ್ತದೆ. ಚತುರ್ಥಿ ವಿಭಕ್ತಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದು ಮನೆಮಾತು.

‘ಮೆ ಕೇದನ್ ಸಿಯೇನ್ ಪೇಸೊಸ್’: ನನ್ನ ಹತ್ತಿರ ನೂರು ಪೆಸೊ ಉಳಿದಿದೆ. ಪದಕ್ಕೆ ಪದ ಇಟ್ಟರೆ ‘ನನಗೆ ಉಳಿದಿವೆ ನೂರು ಪೆಸೊ’. ಕರ್ತೃ ನಾನಲ್ಲ, ಪೆಸೊ. ಆದ್ದರಿಂದ ‘ಕೇದನ್’.

‘ಏಸ್ತ ಕಮೀಸ ತೆ ಕೇದ ಬಿಯೇನ್’: ಈ ಅಂಗಿ ನಿನಗೆ ಒಪ್ಪುತ್ತೆ. ‘ಗ್ರಾಂದೆ’ ಹಾಕಿದರೆ ದೊಡ್ಡದಾಯಿತು, ‘ಪೆಕೇನ್ಯ’ ಹಾಕಿದರೆ ಚಿಕ್ಕದಾಯಿತು. ಬಟ್ಟೆ ಅಂಗಡಿಯಲ್ಲಿ ನಾವು ‘ದೊಡ್ಡದಾಯ್ತು’ ಎಂದು ಭೂತಕಾಲದಲ್ಲಿ ಹೇಳುತ್ತೇವೆ. ಸ್ಪ್ಯಾನಿಷಿನಲ್ಲಿ ಬಟ್ಟೆ ಇನ್ನೂ ಮೈಮೇಲೆ ಇರುವಾಗ ವರ್ತಮಾನವೇ ಸರಿ: ‘ಮೆ ಕೇದ ಗ್ರಾಂದೆ’. ಚಪ್ಪಲಿ, ಶೂ ಜೋಡಿಯಾದ್ದರಿಂದ ಬಹುವಚನ: ‘ಲೊಸ್ ಸಪಾತೊಸ್ ಮೆ ಕೇದನ್ ಪೆಕೇನ್ಯೊಸ್’.

‘ಲ ಸೋಪ ತೆ ಕೆದೋ ರೀಕ’: ನೀನು ಮಾಡಿದ ಸೂಪ್ ರುಚಿಯಾಗಿ ಬಂದಿದೆ. ಕೈಯಾರೆ ಮಾಡಿದ್ದು ಏನೇ ಇರಲಿ, ಅಡುಗೆ, ಚಿತ್ರ, ಹೊಲಿಗೆ, ಅದು ಹೇಗೆ ಬಂತು ಎನ್ನಲು ಇದೇ ಚೌಕಟ್ಟು. ಮಾಡಿದವರು ‘ತೆ’ಯಲ್ಲಿ ಕೂರುತ್ತಾರೆ, ಮಾಡಿದ್ದು ಕರ್ತೃವಾಗುತ್ತದೆ. ಯಾರ ಮನೆಗಾದರೂ ಊಟಕ್ಕೆ ಹೋಗುವ ಮುಂಚೆ ಈ ಒಂದು ವಾಕ್ಯ ಕಲಿತು ಹೋಗಿ.

ಹಂತ 6: ‘ಸೆ’ ಸೇರಿದ ಚೌಕಟ್ಟು, ಅಂದರೆ ನಮ್ಮ ‘ಕೊಳ್ಳು’

‘ಉಳಿ’ಗೆ ‘ಕೊಳ್ಳು’ ಸೇರಿ ‘ಉಳಿದುಕೊಳ್ಳು’ ಆದಂತೆ ‘ಕೆದಾರ್’ಗೆ ‘ಸೆ’ ಸೇರಿ ‘ಕೆದಾರ್ಸೆ’. ಅನ್ನ ಉಳಿಯುತ್ತದೆ, ನೆಂಟರು ಉಳಿದುಕೊಳ್ಳುತ್ತಾರೆ. ಉಳಿದುಕೊಳ್ಳುವುದರಲ್ಲಿ ಉಳಿಯುವವರ ಪಾಲು ಇದೆ. ‘ಮೆ ಕೇದೊ ಎನ್ ಕಾಸ’ ಎಂದರೆ ಮನೆಯಲ್ಲೇ ಉಳಿದುಕೊಳ್ಳುತ್ತೇನೆ. ‘ಕೇದತೆ’ ಎಂದರೆ ಇಲ್ಲೇ ಇರು, ಹೋಗಬೇಡ.

ಇನ್ನು ಇಡೀ ಪಾಠದ ಗಂಟು. ‘ಮೆ’ ಎಂಬ ಒಂದೇ ಪದ ‘ನನಗೆ’ಯೂ ಹೌದು, ‘ಕೊಳ್ಳು’ವೂ ಹೌದು. ಯಾವುದು ಎಂದು ತಿಳಿಯುವುದು ಹೇಗೆ? ಕ್ರಿಯಾಪದದ ಬಾಲ ನೋಡಿ.

‘ಮೆ ಕೇದೊ’: ಬಾಲ ‘ಒ’, ಅಂದರೆ ಕರ್ತೃ ನಾನು. ‘ಮೆ’ಯೂ ನಾನೇ. ಇಬ್ಬರೂ ಒಬ್ಬರೇ ಆದ್ದರಿಂದ ಇದು ‘ಕೊಳ್ಳು’: ಉಳಿದುಕೊಳ್ಳುತ್ತೇನೆ.
‘ಮೆ ಕೇದ’: ಬಾಲ ‘ಅ’, ಕರ್ತೃ ಬೇರೇನೋ ವಸ್ತು. ‘ಮೆ’ ಎಂದರೆ ನನಗೆ: ನನಗೆ ಉಳಿದಿದೆ, ನನಗೆ ಒಪ್ಪುತ್ತದೆ.
‘ತೆ ಕೇದಸ್’ ನೀನು ಉಳಿದುಕೊಳ್ಳುತ್ತೀ. ‘ತೆ ಕೇದ’ ನಿನಗೆ ಒಪ್ಪುತ್ತದೆ.
‘ಸೆ ಕೇದ’ ಅವಳು ಉಳಿದುಕೊಳ್ಳುತ್ತಾಳೆ. ‘ಲೆ ಕೇದ’ ಅವಳಿಗೆ ಒಪ್ಪುತ್ತದೆ.

ಈ ನಾಲ್ಕು ಸಾಲನ್ನು ನೋಡದೆ ಬರೆಯಲು ಬರುವ ತನಕ ಇಲ್ಲೇ ಇರಿ. ಎರಡು ದಿನ ಹಿಡಿದರೂ ಪರವಾಗಿಲ್ಲ. ಅರ್ಧಂಬರ್ಧ ತಿಳಿದು ಮುಂದೆ ಹೋದವರೇ ತಿಂಗಳಾದ ಮೇಲೆ ವಾಪಸ್ ಬರುವುದು.

‘ಸೆ’ ಕೂರುವ ಜಾಗ: ಸಾಮಾನ್ಯ ರೂಪಗಳ ಮುಂದೆ ಬಿಡಿಯಾಗಿ, ಮೂಲ ರೂಪ ಮತ್ತು (‘ಬೇಡ’ ಎನ್ನದ) ಆಜ್ಞೆಯ ಹಿಂದೆ ಅಂಟಿಕೊಂಡು. ‘ಉಳಿದುಕೊಳ್ಳಬೇಕು ಅಂತಿದ್ದೇನೆ’ ಎನ್ನಲು ‘ಕಿಯೇರೊ ಕೆದಾರ್ಮೆ’. ನಿಘಂಟಿನಲ್ಲಿ ‘ಕೆದಾರ್ಸೆ’ ಎಂದು ಇರುವುದನ್ನು ಹಾಗೇ ಎತ್ತಿ ‘ಕಿಯೇರೊ ಕೆದಾರ್ಸೆ’ ಎನ್ನುವುದು ತೀರಾ ಸಾಮಾನ್ಯ ತಪ್ಪು. ಕರ್ತೃ ಬದಲಾದಂತೆ ‘ಸೆ’ಯೂ ‘ಮೆ, ತೆ, ನೊಸ್’ ಆಗಬೇಕು.

‘ಕೆದಾರ್ಸೆ’ಯ ಬೆನ್ನಿಗೆ ವಿಶೇಷಣ ಬಂದರೆ ಒಂದು ಸ್ಥಿತಿಗೆ ಬಂದು ನಿಂತಂತೆ. ‘ಮೆ ಕೆದೇ ದೊರ್ಮೀದೊ’ ಎಂದರೆ ನನಗೆ ನಿದ್ದೆ ಹತ್ತಿಬಿಟ್ಟಿತು. ಹೇಳುವವಳು ಹೆಣ್ಣಾದರೆ ‘ದೊರ್ಮೀದ’. ಇಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ನಾವು ‘ನನಗೆ ನಿದ್ದೆ’ ಎನ್ನುವುದರಿಂದ ‘ಮೆ ಕೆದೋ’ ಎನ್ನುವ ಆಸೆಯಾಗುತ್ತದೆ. ಸ್ಪ್ಯಾನಿಷಿನಲ್ಲಿ ನಿದ್ದೆ ಹೋದವರೇ ಕರ್ತೃ, ಆದ್ದರಿಂದ ‘ಕೆದೇ’. ‘ಸೆ ಕೆದೋ ಕಯಾದೊ’ ಅವನು ಸುಮ್ಮನಾದ. ‘ಸೆ ಕೆದೋ ಸೋರ್ದೊ’ ಅವನಿಗೆ ಕಿವಿ ಕೇಳಿಸದಂತಾಯಿತು.

ಇನ್ನೊಂದು ಕ್ರಿಯೆ ಜೊತೆಗೆ ಬಂದರೆ ‘ಸೆ ಕೆದೋ ಮಿರಾಂದೊ’: ನೋಡುತ್ತಾ ನಿಂತುಬಿಟ್ಟ. ನಮ್ಮ ‘ಮಾಡುತ್ತಾ ಕೂತ, ನೋಡುತ್ತಾ ನಿಂತ’ ಎಂಬ ಬಳಕೆಯೇ ಇದು.

‘ಸೆ’ ಮತ್ತು ‘ಮೆ’ ಎರಡೂ ಒಟ್ಟಿಗೆ ಬಂದರೆ? ‘ಸೆ ಮೆ ಕೆದಾರೊನ್ ಲಸ್ ಯಾಬೆಸ್ ಎನ್ ಕಾಸ’. ಕೀಲಿಕೈ ಮನೆಯಲ್ಲೇ ಉಳಿದುಬಿಟ್ಟಿತು, ಬೇಕೆಂದು ಬಿಟ್ಟದ್ದಲ್ಲ. ಕನ್ನಡದ ‘ಬಿಟ್ಟಿತು’ ಹೇಗೆ ತಪ್ಪಿನ ಭಾರವನ್ನು ನಮ್ಮ ಹೆಗಲಿಂದ ಇಳಿಸುತ್ತದೋ ಸ್ಪ್ಯಾನಿಷಿನಲ್ಲಿ ಈ ಜೋಡಿಯೂ ಹಾಗೆಯೇ.

ಹಂತ 7: ಬೆನ್ನಿಗೆ ಬರುವ ಪುಟ್ಟ ಪದ

‘ಕೊನ್’ ಎಲ್ಲರನ್ನೂ ಕಾಡುತ್ತದೆ, ಅದನ್ನೇ ಮೊದಲು ಬಿಡಿಸೋಣ.

‘ಎ ಕೆದಾದೊ ಕೊನ್ ಆನ’: ಆನಳನ್ನು ಭೇಟಿಯಾಗುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ‘ಸೆ’ ಇಲ್ಲ.
‘ಮೆ ಎ ಕೆದಾದೊ ಕೊನ್ ಆನ’: ಆನಳ ಜೊತೆ ಉಳಿದುಕೊಂಡಿದ್ದೇನೆ. ‘ಮೆ’ ಇದೆ.
‘ಮೆ ಕೇದೊ ಕೊನ್ ಲ ರೋಹ’: ಕೆಂಪನೆಯದನ್ನು ಇಟ್ಟುಕೊಳ್ಳುತ್ತೇನೆ. ‘ಕೊನ್’ ನಂತರ ವಸ್ತು ಬಂದರೆ ‘ಉಳಿಸಿಕೊಳ್ಳು, ಇಟ್ಟುಕೊಳ್ಳು’.

ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎನ್ನಲು ‘ಕೇದೆಸೆ ಕೊನ್ ಎಲ್ ಕಾಂಬಿಯೊ’. ಒಂದೇ ಒಂದು ‘ಮೆ’ಯ ಏರುಪೇರಿನಿಂದ ಕಾಫಿಗೆ ಕರೆದದ್ದು ಮನೆಯಲ್ಲಿ ತಂಗಿದ್ದೇನೆ ಎಂಬಂತಾಗುತ್ತದೆ. ಆದ್ದರಿಂದ ಭೇಟಿಯ ವಿಷಯಕ್ಕೆ ‘ಸೆ’ ತರಲೇಬೇಡಿ. ಸ್ಪೇನಿನ ಆಡುಮಾತಿನಲ್ಲಿ ‘ತೆ ಎಸ್ತಾಸ್ ಕೆದಾಂದೊ ಕೊನ್ಮೀಗೊ?’ ಎಂದು ಯಾರಾದರೂ ಕೇಳಿದರೆ ‘ನನ್ನನ್ನೇನು ಆಟ ಆಡಿಸ್ತಿದ್ದೀಯಾ?’ ಎಂದು ಅರ್ಥ.

‘ಎನ್’: ‘ಕೆದಾಮೊಸ್ ಎನ್ ಅಬ್ಲಾರ್ ಮನ್ಯಾನ’ ಎಂದರೆ ನಾಳೆ ಮಾತಾಡುವುದೆಂದು ಮಾತಾಯಿತು. ಚರ್ಚೆ ಸುತ್ತಿ ಸುತ್ತಿ ಬಂದಾಗ ‘ಎನ್ ಕೇ ಕೆದಾಮೊಸ್?’ ಎಂದು ಕೇಳಬಹುದು. ಅದೇ ನಮ್ಮ ‘ಕೊನೆಗೆ ಮಾತು ಎಲ್ಲಿಗೆ ಬಂತು?’

‘ಸಿನ್’: ಇಲ್ಲದಂತಾಗುವುದು. ‘ನೊಸ್ ಕೆದಾಮೊಸ್ ಸಿನ್ ಗಸೊಲೀನ’ ಎಂದರೆ ಪೆಟ್ರೋಲ್ ಖಾಲಿಯಾಯಿತು. ‘ಸಿನ್ ಲೂಸ್’ ಎಂದರೆ ಕರೆಂಟ್ ಹೋಯಿತು. ಕನ್ನಡದಲ್ಲಿ ಖಾಲಿಯಾಗುವುದು ಪೆಟ್ರೋಲ್. ಸ್ಪ್ಯಾನಿಷಿನಲ್ಲಿ ಪೆಟ್ರೋಲಿಲ್ಲದೆ ಉಳಿದವರು ನಾವು. ಕರ್ತೃವನ್ನು ಮನುಷ್ಯರಿಗೆ ತಿರುಗಿಸಿಕೊಂಡು ಯೋಚಿಸಿ.

‘ಪೊರ್’: ಇನ್ನೂ ಆಗಬೇಕಾದ್ದು. ‘ಕೇದನ್ ದೊಸ್ ಕಪೀತುಲೊಸ್ ಪೊರ್ ಲೆಏರ್’, ಓದಬೇಕಾದ ಎರಡು ಅಧ್ಯಾಯ ಬಾಕಿ ಇದೆ.

ಹಂತ 8: ನೆರೆಹೊರೆಯ ಕ್ರಿಯಾಪದಗಳಿಂದ ಬೇರ್ಪಡಿಸಿ

ಮದುವೆ ಛತ್ರದಲ್ಲಿ ಪಂಕ್ತಿಗೆ ಕುರ್ಚಿ ಹಾಕುತ್ತಿದ್ದೀರಿ ಎಂದುಕೊಳ್ಳಿ. ‘ಫಾಲ್ತನ್ ದೊಸ್ ಸೀಯಸ್’ ಎಂದರೆ ಎರಡು ಕುರ್ಚಿ ಕಮ್ಮಿ ಬಿತ್ತು. ‘ಕೇದನ್ ದೊಸ್ ಸೀಯಸ್’ ಎಂದರೆ ಎರಡು ಕುರ್ಚಿ ಉಳಿದಿದೆ, ಬೇಕಾದರೆ ತೆಗೆದುಕೊಳ್ಳಿ. ‘ಸೋಬ್ರನ್ ದೊಸ್ ಸೀಯಸ್’ ಎಂದರೆ ಎಲ್ಲರೂ ಕೂತಾದ ಮೇಲೂ ಎರಡು ಹೆಚ್ಚಾಯಿತು. ಎರಡು ಎಂಬ ಸಂಖ್ಯೆ ಅದೇ, ಛತ್ರದವರು ಮಾಡಬೇಕಾದ ಕೆಲಸ ಮೂರು ಬಗೆ. ಸಮಯಕ್ಕೂ ಇದು ಅನ್ವಯ. ಶುರುವಾಗಲು ಹತ್ತು ನಿಮಿಷ ಇದೆ ಎನ್ನುವಾಗ ‘ಫಾಲ್ತನ್’ ಹೆಚ್ಚು ಬಳಕೆ, ಶುರುವಾದ ತರಗತಿ ಮುಗಿಯಲು ಹತ್ತು ನಿಮಿಷ ಉಳಿದಿದೆ ಎನ್ನುವಾಗ ‘ಕೇದನ್’.

‘ದೆಹಾರ್’ ಇನ್ನೊಂದು. ನಾನು ಏನನ್ನಾದರೂ ಬಿಟ್ಟರೆ ‘ದೆಹಾರ್’, ಅದು ತಾನಾಗಿ ಉಳಿದರೆ ‘ಕೆದಾರ್’. ಕೀಲಿಕೈ ಮನೆಯಲ್ಲಿ ಬಿಟ್ಟೆ: ‘ದೆಹೇ ಲಸ್ ಯಾಬೆಸ್ ಎನ್ ಕಾಸ’. ಇಲ್ಲಿ ‘ಕೆದೇ ಲಸ್ ಯಾಬೆಸ್’ ಎಂದರೆ ತಪ್ಪು. ಸ್ಪೇನಿನ ಪಶ್ಚಿಮ ಭಾಗದ ಕೆಲವೆಡೆ ಹಾಗೆ ಆಡುವುದುಂಟು, ಆದರೆ ಶಿಷ್ಟ ಭಾಷೆ ಅದನ್ನು ಒಪ್ಪುವುದಿಲ್ಲ.

ಹಂತ 9: ಯಾವ ದೇಶದ ಬಳಕೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ಭೇಟಿ ಗೊತ್ತುಮಾಡುವ ‘ಕೆದಾರ್ ಕೊನ್’ ಸ್ಪೇನಿನಲ್ಲಿ ದಿನನಿತ್ಯದ ಮಾತು. ‘ಹೀಗೆಂದು ಮಾತಾಯಿತು’ ಎನ್ನುವಾಗ ಮೆಕ್ಸಿಕೊ, ಕೊಲಂಬಿಯಾ ಕಡೆ ‘ಎನ್’ ಬದಲು ‘ದೆ’ ಕೇಳಿಸುತ್ತದೆ: ‘ಕೆದಾಮೊಸ್ ದೆ ಅಬ್ಲಾರ್’. ಜಾಗ ಕೇಳುವ ‘ದೋಂದೆ ಕೇದ’ ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚು, ಸ್ಪೇನಿನಲ್ಲಿ ‘ದೋಂದೆ ಎಸ್ತಾ’ ಮುಂದು. ಅರ್ಜೆಂಟೀನಾದವರು ‘ಕೇದತೆ’ ಎನ್ನದೆ ‘ಕೆದಾತೆ’ ಎಂದು ಒತ್ತನ್ನು ಸರಿಸುತ್ತಾರೆ. ಆಡುವಾಗ ಒಂದು ದೇಶದ ಬಳಕೆಗೆ ಅಂಟಿಕೊಳ್ಳಿ, ಕೇಳುವಾಗ ಎಲ್ಲಕ್ಕೂ ಕಿವಿ ತೆರೆದಿಡಿ. ಇಲ್ಲಿ ‘ಸಪಾತೊಸ್’, ‘ಸಿಯೇನ್’ ಎಂದು ಬರೆದದ್ದು ಲ್ಯಾಟಿನ್ ಅಮೆರಿಕದ ಉಚ್ಚಾರ. ಸ್ಪೇನಿನ ಬಹುಭಾಗದಲ್ಲಿ ಆ ‘ಸ’ ನಾಲಗೆಯನ್ನು ಹಲ್ಲುಗಳ ನಡುವೆ ಇಟ್ಟು ಊದಿದಂತೆ ಕೇಳುತ್ತದೆ.

ಹಂತ 10: ಅಭ್ಯಾಸ ಮತ್ತು ನಿಘಂಟು

ಚೀಟಿಯ ಮೇಲೆ ಒಂಟಿ ಪದ ಬರೆಯಬೇಡಿ. ಮುಂಭಾಗದಲ್ಲಿ ಕನ್ನಡ ವಾಕ್ಯ, ಹಿಂಭಾಗದಲ್ಲಿ ಸ್ಪ್ಯಾನಿಷ್ ವಾಕ್ಯ. ದಿನಕ್ಕೆ ಒಂದೇ ಚೌಕಟ್ಟು, ನಾಲ್ಕು ಚೀಟಿ. ನಾಲ್ಕರಲ್ಲಿ ಒಂದು ಇಲ್ಲಿಂದ, ಉಳಿದ ಮೂರು ನಿಮ್ಮ ಮನೆ, ಕೆಲಸ, ಅಡುಗೆಯಿಂದ. ಒಂದರಲ್ಲಿ ಕರ್ತೃವನ್ನು ಬದಲಿಸಿ, ಇನ್ನೊಂದರಲ್ಲಿ ಕಾಲ ಬದಲಿಸಿ, ಮತ್ತೊಂದರಲ್ಲಿ ಇಲ್ಲ ಎಂಬ ಅರ್ಥ ತನ್ನಿ. ಹತ್ತು ದಿನಕ್ಕೆ 40 ಚೀಟಿ ತುಂಬುತ್ತದೆ. ಹಿಂದಿನ ದಿನದ ನಾಲ್ಕನ್ನು ಜೋರಾಗಿ ಹೇಳಿದ ಮೇಲೆಯೇ ಹೊಸದಕ್ಕೆ ಕೈ ಹಾಕಿ.

ಅಕಾಡೆಮಿಯ ನಿಘಂಟನ್ನು ಆರನೆಯ ದಿನದಿಂದ ತೆರೆಯಿರಿ. ಅಲ್ಲಿ ಪ್ರತಿ ಅರ್ಥದ ಮೊದಲು ಚಿಕ್ಕ ಗುರುತು ಇರುತ್ತದೆ. ಪಿ, ಆರ್, ಎನ್, ಎಲ್ ಎಂದಿದ್ದರೆ ಆ ಅರ್ಥಕ್ಕೆ ‘ಸೆ’ ಬೇಕು. ಅರ್ಥ ಓದುವ ಮುಂಚೆ ಗುರುತು ಓದಿ. ಬಹಳ ಜನ ಅದನ್ನು ಹಾರಿಸಿ ಓದುವುದರಿಂದಲೇ ‘ಸೆ’ ಇದ್ದದ್ದೂ ಇಲ್ಲದ್ದೂ ಕಲಸಿಹೋಗುವುದು.

ಅಪಾಯದ ಸೂಚನೆಗಳು

ನೀವು ಬರೆದ ವಾಕ್ಯಗಳಲ್ಲೆಲ್ಲ ‘ಮೆ ಕೇದೊ’ ಒಂದೇ ಬರುತ್ತಿದ್ದರೆ ನೀವು ಇನ್ನೂ ‘ತಂಗು’ ಎಂಬ ಒಂದೇ ಅರ್ಥದಲ್ಲಿ ಸಿಕ್ಕಿಕೊಂಡಿದ್ದೀರಿ. ಹಂತ 5ಕ್ಕೆ ವಾಪಸ್ ಹೋಗಿ. ‘ಕೇದನ್’ ಒಂದೂ ಸಿಗದಿದ್ದರೆ ಬಹುವಚನ ತಪ್ಪುತ್ತಿದೆ. ‘ಇದಕ್ಕೆ ಇಂಗ್ಲಿಷಿನಲ್ಲಿ ಏನು?’ ಎಂದು ಮನಸ್ಸು ಮೊದಲು ಕೇಳುತ್ತಿದ್ದರೆ ಆ ಚೀಟಿಯನ್ನು ಹರಿದು, ಕನ್ನಡ ವಾಕ್ಯದಿಂದ ಹೊಸದಾಗಿ ಬರೆಯಿರಿ.

ಹನ್ನೊಂದನೆಯ ದಿನದ ಪರೀಕ್ಷೆ

ಉತ್ತರ ಮುಚ್ಚಿಕೊಂಡು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಹೋಲಿಸಿ.

1. ನಿನ್ನ ಅಣ್ಣ ಮೈಸೂರಲ್ಲೇ ಉಳಿದುಕೊಂಡನಾ? ‘ತು ಎರ್ಮಾನೊ ಸೆ ಕೆದೋ ಎನ್ ಮೈಸೂರು?’ ‘ಸೆ’ ಬಿಟ್ಟಿದ್ದರೆ ಹಂತ 6.

2. ಬಸ್ ಸ್ಟ್ಯಾಂಡ್ ಇಲ್ಲಿಂದ ದೂರ ಬರುತ್ತಾ? ‘ಲ ಎಸ್ತಸಿಯೋನ್ ಕೇದ ಲೇಹೊಸ್ ದೆ ಅಕೀ?’ ಇಲ್ಲಿ ‘ಸೆ’ ಹಾಕಿದ್ದರೆ ಹಂತ 4.

3. ಈ ಅಂಗಿ ನನಗೆ ದೊಡ್ಡದಾಯ್ತು. ‘ಏಸ್ತ ಕಮೀಸ ಮೆ ಕೇದ ಗ್ರಾಂದೆ.’ ‘ಕೆದೋ’ ಎಂದಿದ್ದರೆ ಕನ್ನಡದ ಭೂತಕಾಲ ಒಳಗೆ ನುಸುಳಿದೆ.

4. ರಾತ್ರಿಯೆಲ್ಲ ನಮಗೆ ಕರೆಂಟ್ ಇರಲಿಲ್ಲ. ‘ನೊಸ್ ಕೆದಾಮೊಸ್ ಸಿನ್ ಲೂಸ್ ತೋದ ಲ ನೋಚೆ.’ ಬಾಲ ‘ಆಮೊಸ್’ ಇದೆಯೇ ನೋಡಿ.

5. ಇನ್ನೂ ಎರಡು ತಟ್ಟೆ ತೊಳೆಯೋದು ಬಾಕಿ ಇದೆ. ‘ಕೇದನ್ ದೊಸ್ ಪ್ಲಾತೊಸ್ ಪೊರ್ ಲಬಾರ್.’ ‘ಕೇದ’ ಎಂದಿದ್ದರೆ ಎರಡು ತಟ್ಟೆಯನ್ನು ಮತ್ತೆ ಎಣಿಸಿ, ಈ ಸಲ ‘ನ್’ ಸೇರಿಸಿ ಹೇಳಿ.